33 ವಾರದ ಬಸುರಿ, ಟೈಪ್ ಒನ್ ಡಯಾಬಿಟಿಸ್, ಸ್ಟೀರಾಯ್ಡ್ ಕೊಟ್ಟ ಮೇಲೆ ಶುಗರ್ ಇಳಿಯುತ್ತಲೇ ಇಲ್ಲ

ನಿದ್ದೆಗೆಟ್ಟವಳು
ಬೆಳಿಗ್ಗೆ 5:40

ಆಸ್ಪತ್ರೆ ಹಾಸಿಗೆಯಿಂದ ಫೋನಿನಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ನನಗೆ 29 ವರ್ಷ, ಟೈಪ್ ಒನ್ ಬಂದಿದ್ದು 11ನೇ ವಯಸ್ಸಿಗೆ. ಮೊದಲ ಬಸುರು, ಇವತ್ತಿಗೆ 33 ವಾರ 2 ದಿನ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್) ಬಸುರಿಗೆ ಮುಂಚೆ 7.1 ಇತ್ತು, ಕಷ್ಟಪಟ್ಟು ಇಳಿಸಿ ಈಗ 6.3 ಇದೆ. ಎಲ್ಲ ಸರಿ ಹೋಗುತ್ತಿದೆ ಅನ್ನುವಾಗ ಹೋದ ವಾರ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು, ಪ್ರಿಎಕ್ಲಾಂಪ್ಸಿಯಾ ಅಂದರು. ಹೊಟ್ಟೆಯಲ್ಲಿ ಮಗುವಿನ ಸುತ್ತ ನೀರೂ ಜಾಸ್ತಿ ಇದೆಯಂತೆ. 37 ವಾರದವರೆಗೆ ಹೋಗುವುದು ಕಷ್ಟ, ಯಾವಾಗ ಬೇಕಾದರೂ ಹೆರಿಗೆ ಮಾಡಿಸಬೇಕಾಗಬಹುದು ಅಂತ ಹೇಳಿ ನಿನ್ನೆ ಸಂಜೆ ಮಗುವಿನ ಶ್ವಾಸಕೋಶಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಇನ್ನೊಂದು ಇವತ್ತು ಸಂಜೆಗೆ.

ರಾತ್ರಿ ಹನ್ನೆರಡರವರೆಗೆ 110, 120 ಅಂತ ಆರಾಮಾಗಿದ್ದ ಶುಗರ್ ಎರಡು ಗಂಟೆಗೆ 260 ಆಯಿತು. ಈಗ 290. ಮೂರು ಸಲ ಕರೆಕ್ಷನ್ (ಶುಗರ್ ಇಳಿಸಲು ಹೆಚ್ಚುವರಿ ಇನ್ಸುಲಿನ್) ಹಾಕಿಕೊಂಡಿದ್ದೇನೆ, ನೀರು ಚುಚ್ಚಿಕೊಂಡ ಹಾಗಿದೆ. ಮೈಗೆ ಅಂಟಿಸಿದ ಶುಗರ್ ಸೆನ್ಸರ್ ಕೂಗಿ ಕೂಗಿ ಪಕ್ಕದ ಹಾಸಿಗೆಯವರು ಎದ್ದು ಕೂತಿದ್ದಾರೆ ಪಾಪ. ಡ್ಯೂಟಿ ಡಾಕ್ಟರ್ ಕೇಳಿದರೆ "ಸ್ಟೀರಾಯ್ಡ್ ಅಲ್ವಾ, ಏರುತ್ತದೆ" ಅಂದು ಹೋದರು.

ಎರಡು ಪ್ರಶ್ನೆ. ಒಂದು, ಇದು ಎಷ್ಟು ದಿನ ಹೀಗೇ ಇರುತ್ತದೆ, ನಾನು ಏನು ಕೇಳಬೇಕು ಇವರನ್ನು? ಎರಡು, ಸ್ಕ್ಯಾನ್‌ನಲ್ಲಿ ಮಗು 2.6 ಕೆಜಿ ಇದೆ. ಮನೆಯವರೆಲ್ಲ "ತೂಕ ಚೆನ್ನಾಗಿದೆ, ಇನ್ನೇನು ಭಯ" ಅನ್ನುತ್ತಾರೆ, ಡಾಕ್ಟರ್ ಮಾತ್ರ ಎನ್‌ಐಸಿಯು (ನವಜಾತ ಶಿಶುಗಳ ಐಸಿಯು) ಖಂಡಿತ ಅನ್ನುತ್ತಾರೆ. ಅಷ್ಟು ತೂಕ ಇದ್ದರೂ ಯಾಕೆ?

ಮೂರನೆಯದೂ ಒಂದಿದೆ, ಯಾರ ಮುಖ ನೋಡಿಯೂ ಕೇಳಲಾರೆ. ಇದೆಲ್ಲ ನನ್ನ ಶುಗರ್‌ನಿಂದಲೇ ಆಗಿದ್ದಾ?


ಪಂಪಮ್ಮ
ಬೆಳಿಗ್ಗೆ 6:05

ಮೊದಲು ಕೀಟೋನ್ ನೋಡಿಸಿ. ಇದನ್ನು ಓದಿ ಮುಗಿಸುವ ಮುಂಚೆಯೇ ಬೆಲ್ ಒತ್ತಿ ಕರೆಯಿರಿ, ಆಮೇಲೆ ಮಿಕ್ಕಿದ್ದು ಓದಿ. ಬಸುರಿಯರಲ್ಲಿ ಕೀಟೋಆಸಿಡೋಸಿಸ್, ಅಂದರೆ ಇನ್ಸುಲಿನ್ ಸಾಲದೆ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ತುಂಬುವುದು, ಬೇಗ ಬರುತ್ತದೆ, ಶುಗರ್ ತೀರ ಏರದೆ 200ರ ಆಸುಪಾಸಿನಲ್ಲಿ ಇದ್ದಾಗಲೂ ಬರಬಹುದು. "ಸ್ಟೀರಾಯ್ಡ್ ಅಲ್ವಾ" ಅನ್ನುವ ಮಾತು ನಿಜವೇ, ಆದರೆ ಅದು ಕಾರಣ ಅಷ್ಟೆ, ಚಿಕಿತ್ಸೆ ಅಲ್ಲವಲ್ಲ. ಹೊಟ್ಟೆ ತೊಳೆಸುವುದು, ವಾಂತಿ, ಉಸಿರು ಜೋರಾಗುವುದು ಇದ್ದರೆ ಇನ್ನೂ ಜೋರಾಗಿ ಗಲಾಟೆ ಮಾಡಿ.

ನನಗೆ ಟೈಪ್ ಒನ್ ಆಗಿ 22 ವರ್ಷ, ಇಬ್ಬರು ಮಕ್ಕಳು, ದೊಡ್ಡವನು 34 ವಾರ 1 ದಿನಕ್ಕೆ ಹುಟ್ಟಿದ. ನಿಮ್ಮ ಹಾಗೆಯೇ ಅದೇ ಇಂಜೆಕ್ಷನ್, ಅದೇ ರಾತ್ರಿ ಎರಡು ಗಂಟೆ. ಆ ಔಷಧ ಇನ್ಸುಲಿನ್‌ಗೆ ಅಡ್ಡ ನಿಲ್ಲುತ್ತದೆ, ಜೊತೆಗೆ ಲಿವರ್‌ನಿಂದ ಸಕ್ಕರೆ ಹೊರಗೆ ಸುರಿಸುತ್ತದೆ. ಇನ್ಸುಲಿನ್ ಕೆಟ್ಟಿಲ್ಲ, ಸಾಲುತ್ತಿಲ್ಲ. ಕರೆಕ್ಷನ್ ಒಂದರ ಮೇಲೆ ಒಂದು ಹಾಕಿಕೊಂಡರೆ ಆಗದು, ಬೇಸಲ್ಲೇ (ಇಡೀ ದಿನ ಹಿನ್ನೆಲೆಯಲ್ಲಿ ಕೆಲಸ ಮಾಡುವ ಇನ್ಸುಲಿನ್) ಏರಿಸಬೇಕು, ಇಲ್ಲವೇ ಇನ್ಸುಲಿನ್ ಡ್ರಿಪ್ ಹಾಕಿ ಗಂಟೆಗೊಮ್ಮೆ ನೋಡಿ ಹೊಂದಿಸಬೇಕು. ನನಗೆ ದಿನಕ್ಕೆ 58 ಯೂನಿಟ್ ಇದ್ದದ್ದು ಎರಡನೇ ಇಂಜೆಕ್ಷನ್ ಆದ ಮೇಲೆ 92ಕ್ಕೆ ಹೋಯಿತು. ನಿಮಗೆ ಎಷ್ಟು ಅಂತ ನಿಮ್ಮ ಡಯಾಬಿಟಿಸ್ ಡಾಕ್ಟರೇ ಹೇಳಬೇಕು, ನನ್ನ ಲೆಕ್ಕ ನೀವು ಹಾಕಿಕೊಳ್ಳಬೇಡಿ. ಮೂರು ದಿನ, ನಾಲ್ಕು ದಿನ, ಕೆಲವರಿಗೆ ಐದು ದಿನ ಇದರ ಆಟ. ಆದರೂ ಇಂಜೆಕ್ಷನ್ ಬೇಡ ಅನ್ನಬೇಡಿ. ಈ ವಾರಗಳಲ್ಲಿ ಮಗುವಿನ ಉಸಿರಿಗೆ ಅದರಷ್ಟು ಸಹಾಯ ಮಾಡುವುದು ಇನ್ನೊಂದಿಲ್ಲ.

ಇದು ಏರುವ ಕಥೆ. ಇದನ್ನು ಎಲ್ಲರೂ ಹೇಳುತ್ತಾರೆ. ಇಳಿಯುವ ಕಥೆ ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬಸುರಿನಲ್ಲಿ ನಮಗೆ ಅಷ್ಟೊಂದು ಇನ್ಸುಲಿನ್ ಬೇಕಾಗುವುದು ಮಾಸಿನ ಹಾರ್ಮೋನುಗಳಿಂದ. ಹೆರಿಗೆಯಾಗಿ ಮಾಸು ಹೊರಗೆ ಬಂತು ಅಂದರೆ ಆ ಅಡ್ಡಿ ಹೋಯಿತು. ನಿಧಾನಕ್ಕೆ ಅಲ್ಲ, ಕೆಲವೇ ಗಂಟೆಯಲ್ಲಿ. ಬಸುರಿಗೆ ಮುಂಚೆ ಎಷ್ಟು ಹಾಕಿಕೊಳ್ಳುತ್ತಿದ್ದಿರೋ ಅಲ್ಲಿಗೆ, ಎಷ್ಟೋ ಜನರಿಗೆ ಅದಕ್ಕಿಂತಲೂ ಕೆಳಕ್ಕೆ. ನನಗೆ ಸಿಸೇರಿಯನ್ ಆದ ರಾತ್ರಿ ಎಲ್ಲರ ಕಣ್ಣೂ ಮಗುವಿನ ಮೇಲೆ. ಇವರು ಎನ್‌ಐಸಿಯು ಬಾಗಿಲಲ್ಲಿ, ನಾನು ವಾರ್ಡಿನಲ್ಲಿ ಒಬ್ಬಳೇ. ಚಾರ್ಟ್‌ನಲ್ಲಿ ಹಿಂದಿನ ದಿನದ ಡೋಸ್ ಹಾಗೇ ಉಳಿದಿತ್ತು, ಅದನ್ನೇ ಕೊಟ್ಟರು. ನಾನೂ ಅರೆ ಎಚ್ಚರದಲ್ಲಿ ತೋಳು ಚಾಚಿದೆ. ಎಚ್ಚರವಾದಾಗ ಮೈಯೆಲ್ಲ ಬೆವರು, ನಾಲಿಗೆ ತಿರುಗುತ್ತಿಲ್ಲ, ಮೀಟರ್‌ನಲ್ಲಿ 38. ಬೆಲ್ ಎಲ್ಲಿದೆ ಅಂತ ಕೈಗೆ ಸಿಗಲಿಲ್ಲ. ಹೊಲಿಗೆ ಹಾಕಿದ ಹೊಟ್ಟೆ ಇಟ್ಟುಕೊಂಡು ಪಕ್ಕಕ್ಕೆ ಹೊರಳಿ ಲೋಟ ನೆಲಕ್ಕೆ ಬೀಳಿಸಿದೆ, ಆ ಸದ್ದಿಗೆ ಯಾರೋ ಬಂದರು.

ಆದ್ದರಿಂದ ಇವತ್ತೇ ಒಂದು ಕೆಲಸ ಮಾಡಿ. "ಹೆರಿಗೆಯಾದ ಮೇಲೆ ಬೇಸಲ್ ಎಷ್ಟು, ಊಟಕ್ಕೆ ಎಷ್ಟು, ಡ್ರಿಪ್ ಯಾವಾಗ ಇಳಿಸಬೇಕು" ಅಂತ ಡಯಾಬಿಟಿಸ್ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಸಾಲದು. ಒಂದು ಪ್ರತಿ ಕೇಸ್ ಫೈಲ್‌ಗೆ, ಒಂದು ನಿಮ್ಮ ಯಜಮಾನರ ಜೇಬಿಗೆ. ಗ್ಲೂಕೋಸ್ ಮಾತ್ರೆ ದಿಂಬಿನ ಕೆಳಗೆ, ಮೇಜಿನ ಮೇಲೆ ಅಲ್ಲ.


ಅನುಭವಸ್ಥ
ಬೆಳಿಗ್ಗೆ 8:20

ತಪ್ಪು ತಿಳಿಯಬೇಡಿ. ನಮ್ಮ ಚಿಕ್ಕಮ್ಮನಿಗೂ ಬಸುರಿನಲ್ಲಿ ಶುಗರ್ ಬಂದಿತ್ತು. ಸಿಹಿ ಬಿಟ್ಟು, ದಿನಾ ನಡೆದು, ಒಂದು ಇಂಜೆಕ್ಷನ್ ಇಲ್ಲದೆ ದಿನ ತುಂಬಿಸಿಕೊಂಡರು. ಮೊದಲಿನಿಂದ ಕಂಟ್ರೋಲ್ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿತ್ತಾ? 90 ಯೂನಿಟ್ ಇನ್ಸುಲಿನ್ ಅಂದರೆ ಮಗುವಿಗೂ ಹೋಗುವುದಿಲ್ಲವಾ?


ಎನ್‌ಐಸಿಯು ಸಿಸ್ಟರ್
ಬೆಳಿಗ್ಗೆ 9:15

ಮೇಲಿನವರ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಉತ್ತರ ಅದರಲ್ಲೇ ಇದೆ. ಇಲ್ಲ, ತಾಯಿಯ ಇನ್ಸುಲಿನ್ ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ. ಸಕ್ಕರೆ ಹೋಗುತ್ತದೆ. ಹಾಗೆ ಹೋದ ಸಕ್ಕರೆಯನ್ನು ನೋಡಿಕೊಳ್ಳಲು ಮಗುವೇ ತನ್ನ ಪುಟ್ಟ ಪ್ಯಾಂಕ್ರಿಯಾಸ್‌ನಿಂದ ಜಾಸ್ತಿ ಇನ್ಸುಲಿನ್ ಮಾಡಿಕೊಳ್ಳುತ್ತದೆ. ಆ ಇನ್ಸುಲಿನ್ ಮಗುವನ್ನು ದಪ್ಪ ಮಾಡುತ್ತದೆ, ಭುಜ, ಹೊಟ್ಟೆ ಎಲ್ಲ ತುಂಬಿಕೊಳ್ಳುತ್ತದೆ. ಶ್ವಾಸಕೋಶ ಮಾತ್ರ ಅದರಿಂದ ಬೇಗ ಬಲಿಯುವುದಿಲ್ಲ, ಕೆಲವು ಸಲ ಇನ್ನೂ ತಡವಾಗುತ್ತದೆ. ಗಾಳಿಚೀಲಗಳು ಒಂದಕ್ಕೊಂದು ಅಂಟದ ಹಾಗೆ ನೋಡಿಕೊಳ್ಳುವ ಸರ್ಫ್ಯಾಕ್ಟಂಟ್ ಅಂತ ಒಂದಿದೆ, ಅದು ತಯಾರಾಗುವುದಕ್ಕೆ ಇನ್ಸುಲಿನ್ ಜಾಸ್ತಿ ಇದ್ದರೆ ಅಡ್ಡಿ.

ಹಾಗಾಗಿ 2.6 ಕೆಜಿ ನೋಡಿ ಸಮಾಧಾನ ಪಡಬೇಡಿ, ಗಾಬರಿಯೂ ಬೇಡ. ನಮ್ಮ ಕಡೆ ವಯಸ್ಸನ್ನು ವಾರದಲ್ಲಿ ಎಣಿಸುತ್ತೇವೆ, ಕೆಜಿಯಲ್ಲಲ್ಲ. ಪಕ್ಕದ ವಾರ್ಮರ್‌ನಲ್ಲಿ ಒಂದೂವರೆ ಕೆಜಿಯ ಮಗು ಇರುತ್ತದೆ, ಇಲ್ಲಿ ನಿಮ್ಮದು ಗುಂಡುಗುಂಡಗೆ ಮಲಗಿರುತ್ತದೆ, ನೋಡಲು ಬಂದವರು "ಇದನ್ನು ಯಾಕೆ ಇಲ್ಲಿಟ್ಟಿದ್ದೀರಿ" ಅಂತ ಕೇಳಿಯೇ ಕೇಳುತ್ತಾರೆ. ನಾನು ವಿವರಿಸಿ ಸಾಕಾಗಿ ಈಗ ಸುಮ್ನೆ ನಗುತ್ತೇನೆ.

ಹುಟ್ಟಿದ ಮೇಲೆ ಮೊದಲು ನೋಡುವುದು ಮಗುವಿನ ಶುಗರ್. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ನಿಮ್ಮಿಂದ ಬರುವ ಸಕ್ಕರೆ ನಿಂತಿತು, ಮಗುವಿನ ಇನ್ಸುಲಿನ್ ಮಾತ್ರ ಹಳೆಯ ಜೋರಿನಲ್ಲೇ ಇರುತ್ತದೆ. ಮೊದಲ ಒಂದೆರಡು ಗಂಟೆಯಲ್ಲೇ ಶುಗರ್ ಧಡಕ್ಕನೆ ಇಳಿಯಬಹುದು. ಹಿಮ್ಮಡಿ ಚುಚ್ಚಿ ಪದೇ ಪದೇ ನೋಡುತ್ತೇವೆ. 45ರ ಕೆಳಗೆ ಬಂದರೆ ಹಾಲು, ಕೆನ್ನೆಯ ಒಳಗೆ ಗ್ಲೂಕೋಸ್ ಜೆಲ್, ಅದಕ್ಕೂ ಬಗ್ಗದಿದ್ದರೆ ಗ್ಲೂಕೋಸ್ ಡ್ರಿಪ್. ಆ ಪುಟ್ಟ ಹಿಮ್ಮಡಿಯಲ್ಲಿ ಚುಕ್ಕೆ ಚುಕ್ಕೆ ಗಾಯ ನೋಡಿ ತಾಯಂದಿರು ಅಳುತ್ತಾರೆ. ಟೈಪ್ ಒನ್ ತಾಯಂದಿರು ಬೇರೆಯವರಿಗಿಂತ ಜಾಸ್ತಿ ಅಳುತ್ತಾರೆ ಅಂತ ನನಗೆ ಅನಿಸಿದೆ. ದಿನಾ ತಮ್ಮ ಬೆರಳು ಚುಚ್ಚಿಕೊಂಡವರು, ಮಗುವಿಗೆ ಚುಚ್ಚುವುದನ್ನು ನೋಡಲಾರರು. ಆದರೆ ಇದು ಮಗುವಿಗೆ ಡಯಾಬಿಟಿಸ್ ಬಂದ ಲಕ್ಷಣ ಅಲ್ಲ, ಅದರ ಉಲ್ಟಾ. ಎರಡು ಮೂರು ದಿನದಲ್ಲಿ ಇನ್ಸುಲಿನ್ ತಾನಾಗಿ ಇಳಿದು ಹೆಚ್ಚಿನ ಮಕ್ಕಳಿಗೆ ಸರಿ ಹೋಗುತ್ತದೆ.

ಇದಕ್ಕೆ ನೀವು ಈಗ ಮಾಡಬಹುದಾದದ್ದು ಒಂದೇ. ಹೆರಿಗೆಯ ಹಿಂದಿನ ಗಂಟೆಗಳಲ್ಲಿ ನಿಮ್ಮ ಶುಗರ್ ಸುಮಾರು 70ರಿಂದ 126ರ ಒಳಗೆ ಇದ್ದರೆ ಮಗು ಹುಟ್ಟಿದಾಗ ಇಳಿಯುವುದು ಕಡಿಮೆಯಾಗುತ್ತದೆ. ನಿಮಗೆ ಇನ್ಸುಲಿನ್ ಡ್ರಿಪ್ ಹಾಕುತ್ತೇವೆ ಅಂದರೆ ಬೇಡ ಅನ್ನಬೇಡಿ, ಕೈ ಕಟ್ಟಿ ಹಾಕಿದ ಹಾಗೆ ಅನಿಸುತ್ತದೆ ನಿಜ.

ಉಸಿರಿಗೆ ಸಿಪ್ಯಾಪ್ ಅಂತ ಮೂಗಿನಿಂದ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ ಹಾಕಬಹುದು, ಕಾಮಾಲೆಗೆ ನೀಲಿ ಬೆಳಕಿನ ಕೆಳಗೆ ಮಲಗಿಸಬಹುದು. ಹೃದಯದ ಸ್ಕ್ಯಾನ್ ಮಾಡಿದರೆ ಹೆದರಬೇಡಿ. ಇಂಥ ಕೆಲವು ಮಕ್ಕಳಿಗೆ ಹೃದಯದ ಗೋಡೆ ಸ್ವಲ್ಪ ದಪ್ಪಗಿರುತ್ತದೆ, ಸಾಮಾನ್ಯವಾಗಿ ತಿಂಗಳುಗಳಲ್ಲಿ ತಾನೇ ಇಳಿಯುತ್ತದೆ. ಹಾಲು ಟ್ಯೂಬಿನಲ್ಲಿ ಹೋಗುತ್ತದೆ, ಯಾಕಂದರೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡುವುದು 34ನೇ ವಾರದ ಹೊತ್ತಿಗೆ ಮೆಲ್ಲಗೆ ಕೂಡಿಬರುವ ವಿದ್ಯೆ. ಮಗು ಸೋಮಾರಿ ಅಲ್ಲ.


ಮೂವತ್ತೊಂದರ ತಾಯಿ
ಬೆಳಿಗ್ಗೆ 10:50

@ಅನುಭವಸ್ಥ, ನಿಮ್ಮ ಚಿಕ್ಕಮ್ಮನಿಗೆ ಬಂದಿದ್ದು ಬಸುರಿನ ಶುಗರ್, ಹೆರಿಗೆ ಆದ ಮೇಲೆ ಹೋಗಿರಬೇಕು. ಟೈಪ್ ಒನ್ ಅಂದರೆ ಮೈಯೇ ತನ್ನ ಇನ್ಸುಲಿನ್ ಮಾಡುವ ಕಣಗಳನ್ನು ಕೊಂದು ಹಾಕಿರುತ್ತದೆ. ನಡೆದರೂ ಅಷ್ಟೆ, ಸಿಹಿ ಬಿಟ್ಟರೂ ಅಷ್ಟೆ, ಇಂಜೆಕ್ಷನ್ ಬಿಟ್ಟರೆ ಕೆಲವೇ ದಿನದಲ್ಲಿ ಜೀವಕ್ಕೆ ಸಂಚಕಾರ. ಎರಡಕ್ಕೂ ಶುಗರ್ ಅಂತ ಒಂದೇ ಹೆಸರು ಇಟ್ಟಿದ್ದಾರೆ, ಅದೇ ನಮ್ಮ ಕರ್ಮ.

@ನಿದ್ದೆಗೆಟ್ಟವಳು, ನಿಮ್ಮ ಮೂರನೇ ಪ್ರಶ್ನೆಗೆ ಬರುತ್ತೇನೆ. ನಾನು 31 ವಾರಕ್ಕೆ ಹೆತ್ತವಳು, ಆಗ ನನ್ನ ಎಚ್‌ಬಿಎ1ಸಿ 6.0. ನಿಮಗಿಂತ ಕಡಿಮೆ. ಎಷ್ಟು ಅಳತೆ ಮಾಡಿ ತಿಂದಿದ್ದೆ ಅಂದರೆ ಊಟ ಅನ್ನುವುದು ಲೆಕ್ಕದ ಪರೀಕ್ಷೆ ಆಗಿತ್ತು. ಆದರೂ ಬಿಪಿ ಬಂತು. ಟೈಪ್ ಒನ್ ಇರುವವರಿಗೆ ಪ್ರಿಎಕ್ಲಾಂಪ್ಸಿಯಾ ಬರುವ ಸಾಧ್ಯತೆ ಬೇರೆಯವರಿಗಿಂತ ಎಷ್ಟೋ ಪಾಲು ಜಾಸ್ತಿ. ಅದಕ್ಕೇ ಅಲ್ವಾ ಸುಮಾರು 12ನೇ ವಾರದಿಂದಲೇ ನಮಗೆ ಸಣ್ಣ ಡೋಸ್ ಆಸ್ಪಿರಿನ್ ಕೊಡುವುದು. ಶುಗರ್ ಚೆನ್ನಾಗಿದ್ದರೆ ಅಪಾಯ ಕಡಿಮೆಯಾಗುತ್ತದೆ, ಸೊನ್ನೆ ಆಗುವುದಿಲ್ಲ. "ನಿನ್ನಿಂದ ಏನೂ ಆಗಿಲ್ಲ" ಅಂತ ಸುಳ್ಳು ಸಮಾಧಾನ ನಾನು ಹೇಳುವುದಿಲ್ಲ. ಶುಗರ್‌ಗೂ ಇದಕ್ಕೂ ಸಂಬಂಧ ಇದೆ. ಆದರೆ ಕಾಯಿಲೆಗೆ ಇರುವ ಸಂಬಂಧ ಬೇರೆ, ನೀವು ತಪ್ಪು ಮಾಡಿದ್ದು ಬೇರೆ. 7.1ರಿಂದ 6.3ಕ್ಕೆ ಇಳಿಸಿದ್ದೀರಿ. ಅದೂ ವಾರವಾರ ಇನ್ಸುಲಿನ್ ಲೆಕ್ಕ ಬದಲಾಗುವ ಬಸುರಿನಲ್ಲಿ. ಹಾಗೆ ಮಾಡಿದವರಿಗೆ ಗೊತ್ತು ಅದರ ಕಷ್ಟ.

ಸೆನ್ಸರ್ ಕೂಗಿ ಎಲ್ಲರನ್ನೂ ಎಬ್ಬಿಸುತ್ತದೆ ಅಂತ ಬೇಸರ ಬೇಡ. 2017ರಲ್ಲಿ ಬಂದ ಕಾನ್ಸೆಪ್ಟ್ ಅನ್ನುವ ಅಧ್ಯಯನದಲ್ಲಿ ಸೆನ್ಸರ್ ಹಾಕಿಕೊಂಡ ಟೈಪ್ ಒನ್ ಬಸುರಿಯರ ಮಕ್ಕಳಿಗೆ ಹುಟ್ಟಿದಾಗ ಶುಗರ್ ಇಳಿಯುವುದು ಕಡಿಮೆ ಇತ್ತು, ಎನ್‌ಐಸಿಯುನಲ್ಲಿ ದಿನಕ್ಕಿಂತ ಜಾಸ್ತಿ ಇರಬೇಕಾದವರೂ ಕಡಿಮೆ ಇದ್ದರು. ಕೂಗಲಿ ಬಿಡಿ.

ಮುಂದೆ ಯಾರಾದರೂ "ಮಗುವಿಗೂ ಬರುತ್ತದಾ" ಅಂತ ಕೇಳುತ್ತಾರೆ, ಖಂಡಿತ ಕೇಳುತ್ತಾರೆ. ತಾಯಿಗೆ ಟೈಪ್ ಒನ್ ಇದ್ದು, 25 ದಾಟಿದ ಮೇಲೆ ಹೆತ್ತರೆ ನೂರರಲ್ಲಿ ಒಂದು ಮಗುವಿಗೆ ಬರುವ ಸಾಧ್ಯತೆ ಅಂತ ಲೆಕ್ಕ. ತಂದೆಗೆ ಇದ್ದರೆ ಹದಿನೇಳರಲ್ಲಿ ಒಂದು. ಇದನ್ನು ಹೇಳಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಮೌನ.


ನಿದ್ದೆಗೆಟ್ಟವಳು
ರಾತ್ರಿ 9:30

ಎಲ್ಲರಿಗೂ ಥ್ಯಾಂಕ್ಸ್. ಪಂಪಮ್ಮ ಅಕ್ಕ, ನೀವು ಹೇಳಿದ ಮೇಲೆ ಕೂಡಲೇ ಕರೆದೆ. ಕೀಟೋನ್ 0.9 ಬಂತು. ಆಮೇಲೆ ಎಲ್ಲರ ಓಡಾಟ ಜೋರಾಯಿತು, ಡ್ರಿಪ್ ಹಾಕಿದರು, ಮಧ್ಯಾಹ್ನಕ್ಕೆ 0.3ಕ್ಕೆ ಇಳಿಯಿತು. ಎರಡನೇ ಇಂಜೆಕ್ಷನ್ ಆಗಿದೆ, ಈಗ ಶುಗರ್ 148. ಡಯಾಬಿಟಿಸ್ ಡಾಕ್ಟರ್ ಹತ್ತಿರ ಹೆರಿಗೆಯ ನಂತರದ ಡೋಸ್ ಬರೆಸಿಕೊಂಡೆ. ಈಗ ಬೇಸಲ್ 34, ಆಮೇಲೆ 12. ಆ 12 ಅನ್ನು ನೋಡಿ ನಾನೇ ಎರಡು ಸಲ ಕೇಳಿದೆ, ತಪ್ಪು ಬರೆದಿದ್ದೀರಾ ಅಂತ.

ಹಾಲಿನ ವಿಷಯ ಹೇಳಿ. ಮಗು ಅಲ್ಲಿ, ನಾನು ಇಲ್ಲಿ. ಹೇಗೆ?


ಪಂಪಮ್ಮ
ರಾತ್ರಿ 10:10

ಅಬ್ಬ. ಒಳ್ಳೆಯದಾಯಿತು.

ಹಾಲು: ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಕೈಯಿಂದ ಹಿಂಡಲು ಶುರು ಮಾಡಿ, ಆಗುವುದಾದರೆ ಮೊದಲ ಗಂಟೆ ಎರಡು ಗಂಟೆಯೊಳಗೆ. ಮೊದಲ ಹಾಲು ಬರುವುದು ಹನಿ ಲೆಕ್ಕದಲ್ಲಿ, ಸಿರಿಂಜ್‌ನಲ್ಲಿ ಹಿಡಿದು ಕೊಡುತ್ತಾರೆ, ಅರ್ಧ ಎಂಎಲ್ ಬಂದರೂ ಕಳಿಸಿ, ನಾಚಿಕೆ ಬೇಡ. ಆಮೇಲೆ ಮೂರು ಗಂಟೆಗೊಮ್ಮೆ, ರಾತ್ರಿಯೂ. ನಮ್ಮಂಥವರಿಗೆ ಎದೆ ತುಂಬುವುದು ಬೇರೆಯವರಿಗಿಂತ ಸುಮಾರು ಒಂದು ದಿನ ತಡ. ನನಗೆ ನಾಲ್ಕನೇ ದಿನ ರಾತ್ರಿ ಬಂತು, ಅಷ್ಟರಲ್ಲಿ "ನಿನಗೆ ಹಾಲೇ ಇಲ್ಲ" ಅಂತ ಮೂರು ಜನ ತೀರ್ಪು ಕೊಟ್ಟಾಗಿತ್ತು.

ಇನ್ನೊಂದು, ಹಾಲು ತಯಾರಾಗುವುದಕ್ಕೂ ಸಕ್ಕರೆ ಬೇಕು, ಅದು ನಿಮ್ಮ ರಕ್ತದಿಂದಲೇ ಹೋಗುವುದು. ಹಿಂಡುತ್ತಾ ಕೂತಾಗಲೋ ಆಮೇಲೋ ಶುಗರ್ ಲೋ ಆಗುತ್ತದೆ. ಶುರು ಮಾಡುವ ಮುಂಚೆ ಏನಾದರೂ ಬಾಯಿಗೆ ಹಾಕಿಕೊಳ್ಳಿ, ಜ್ಯೂಸ್ ಕೈಗೆ ಸಿಗುವ ಹಾಗೆ ಇಡಿ. ಮಗು ಕೈಗೆ ಕೊಟ್ಟ ಮೇಲಂತೂ ಇದು ಇನ್ನೂ ಮುಖ್ಯ. ಎದೆಯ ಮೇಲೆ ಮಗು ಮಲಗಿರುವಾಗ ಕೈ ನಡುಗಿದರೆ ಏಳಲೂ ಆಗುವುದಿಲ್ಲ, ಕೂಗಿದರೆ ಮಗು ಬೆಚ್ಚುತ್ತದೆ. ಬಸುರಿನಲ್ಲಿ ಇಟ್ಟುಕೊಂಡಿದ್ದ ಬಿಗಿ ಟಾರ್ಗೆಟ್ ಈಗ ಸ್ವಲ್ಪ ಸಡಿಲ ಮಾಡಬಹುದಾ ಅಂತಲೂ ಕೇಳಿ.


ಅನುಭವಸ್ಥ
ರಾತ್ರಿ 10:40

ಬೆಳಿಗ್ಗೆ ಗೊತ್ತಿಲ್ಲದೆ ಮಾತಾಡಿದೆ. ಕ್ಷಮಿಸಿ ತಂಗಿ. ಒಳ್ಳೆಯದಾಗಲಿ.


ನಿದ್ದೆಗೆಟ್ಟವಳು
ಒಂಬತ್ತು ದಿನದ ನಂತರ, ಮಧ್ಯಾಹ್ನ 3:15

ಮಗಳು. 33 ವಾರ 6 ದಿನಕ್ಕೆ ಸಿಸೇರಿಯನ್, ಬಿಪಿ ಹಿಡಿತಕ್ಕೆ ಸಿಗಲೇ ಇಲ್ಲ. ಫಿಟ್ಸ್ ಬಾರದಿರಲಿ ಅಂತ ಮೆಗ್ನೀಸಿಯಂ ಡ್ರಿಪ್ ಹಾಕಿದಾಗ ಮೈಯೆಲ್ಲ ಒಳಗಿನಿಂದ ಸುಟ್ಟ ಹಾಗಾಯಿತು, ಅದನ್ನೂ ಯಾರಾದರೂ ಮುಂಚೆ ಹೇಳಬಹುದಿತ್ತು. ತೂಕ 2.7. ಹುಟ್ಟಿದ ಕೂಡಲೇ ಸಣ್ಣಗೆ ಅತ್ತಳು, ಆಮೇಲೆ ಕರೆದುಕೊಂಡು ಹೋದರು. ಒಂದೂವರೆ ದಿನ ಸಿಪ್ಯಾಪ್. ಮೊದಲ ಶುಗರ್ 31, ಜೆಲ್‌ಗೆ ಬಗ್ಗಲಿಲ್ಲ, ಎರಡು ದಿನ ಡ್ರಿಪ್ ಇತ್ತು, ಈಗ ಇಲ್ಲ. ಸಿಸ್ಟರ್, ನೀವು ಹೇಳಿದ್ದು ನಿಜ, ಆ ಹಿಮ್ಮಡಿ ನೋಡಿ ನಾನೂ ಅತ್ತೆ. ಬಂದವರು "ಇದನ್ನು ಯಾಕೆ ಇಲ್ಲಿಟ್ಟಿದ್ದಾರೆ" ಅಂತಲೂ ಕೇಳಿದರು. ಇಬ್ಬರು ಕೇಳಿದರು.

ಮತ್ತೆ ಅಕ್ಕ, ಆ ಕಾಗದ. ಹೆರಿಗೆಯ ರಾತ್ರಿ ಚಾರ್ಟ್‌ನಲ್ಲಿ 34 ಅಂತಲೇ ಇತ್ತು. ಸಿರಿಂಜ್ ಲೋಡ್ ಆಗಿತ್ತು. ನನಗೆ ಕಣ್ಣು ಬಿಡಲೂ ಆಗುತ್ತಿರಲಿಲ್ಲ, ಇವರು ಜೇಬಿನಿಂದ ಕಾಗದ ತೆಗೆದು ತೋರಿಸಿದರು, ಫೋನ್ ಮಾಡಿ ಕೇಳಿಕೊಂಡು 12 ಕೊಟ್ಟರು. ಆ 12ಕ್ಕೇ ಬೆಳಗಿನ ಜಾವ ಶುಗರ್ 58ಕ್ಕೆ ಇಳಿಯಿತು. 34 ಹೋಗಿದ್ದರೆ ಅಂತ ಯೋಚಿಸುವುದನ್ನು ಬಿಟ್ಟಿದ್ದೇನೆ. ಈಗ ಬೇಸಲ್ 9.

ಹಾಲು ನಾಲ್ಕನೇ ದಿನ ಬಂತು. ದಿನಾ ಎರಡು ಹೊತ್ತು ಎದೆಗೆ ಅಪ್ಪಿಸಿ ಮಲಗಿಸಿಕೊಳ್ಳುತ್ತೇನೆ, ಆಗ ಅವಳ ಉಸಿರು, ಹೃದಯದ ಬಡಿತ ಎರಡೂ ಮಾನಿಟರ್‌ನಲ್ಲಿ ಸಮ ಆಗುವುದನ್ನು ನೋಡುತ್ತಾ ಕೂತಿರುತ್ತೇನೆ. ನಿನ್ನೆ ಮೊದಲ ಸಲ ಬಾಯಿಗೆ ಕೊಡಲು ಬಿಟ್ಟರು. ನಾಲ್ಕು ಸಲ ಚೀಪಿದಳು, ಎರಡೇ ನಿಮಿಷಕ್ಕೆ ನಿದ್ದೆ ಹೋದಳು, ಮಿಕ್ಕಿದ್ದು ಟ್ಯೂಬಿನಲ್ಲಿ. ನಿಮ್ಮ ಮಕ್ಕಳು ಪೂರ್ತಿ ಬಾಯಿಂದ ಕುಡಿಯುವುದಕ್ಕೆ ಎಷ್ಟು ದಿನ ತೆಗೆದುಕೊಂಡರು?


ಮೂವತ್ತೊಂದರ ತಾಯಿ
ಸಂಜೆ 4:00

ನನ್ನವನು ಮೂರು ವಾರ, ಆದರೆ ಅವನು 31ರವನು. ನಿಮ್ಮವಳು ಬೇಗ ಕಲಿಯುತ್ತಾಳೆ. ಹಾಲು ಕೊಡುವ ಹತ್ತು ನಿಮಿಷ ಮುಂಚೆ ಡೈಪರ್ ಬದಲಿಸಿ, ಅಷ್ಟಕ್ಕೆ ಸ್ವಲ್ಪ ಎಚ್ಚರ ಆಗುತ್ತಾರೆ. ಮತ್ತೆ ನೀವು ಏನಾದರೂ ತಿಂದಿರಾ?